ಹಪ್ಪಳಕ್ಕೆ 2 ದಿನ, ತಾರಸಿಗೆ 28

ಡಾಕ್ಟರನ್ನು ದಾರಿಯಲ್ಲಿ ಕಂಡವರು ಕೂಡಲೇ ನಾಲಿಗೆ ಹೊರಗೆ ಹಾಕುವುದಿಲ್ಲ. ವಕೀಲರು ಊಟಕ್ಕೆ ಕೂತಿದ್ದರೆ ಅವರ ಎಲೆಯ ಪಕ್ಕದಲ್ಲಿ ಯಾರೂ ಜಾಗದ ಕಾಗದಪತ್ರ ಬಿಡಿಸಿಡುವುದಿಲ್ಲ. ಸಿವಿಲ್ ಇಂಜಿನಿಯರಿಗೆ ಆ ಮರ್ಯಾದೆ ಇಲ್ಲ. ಉಪನಯನಕ್ಕೆ ಹೋದರೂ ಅಷ್ಟೆ, ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಹೋದರೂ ಅಷ್ಟೆ. ಕೈ ತೊಳೆದು ಬರುವಷ್ಟರಲ್ಲಿ ಮನೆಯವರೊಬ್ಬರು ಮೆಲ್ಲನೆ ತೋಳು ಹಿಡಿದು ಒಳಗೆ ಕರೆಯುತ್ತಾರೆ. ಸಾವಿನ ಮನೆಯಾದ್ದರಿಂದ ಏನೋ ಸಂಕಟ ಹೇಳಿಕೊಳ್ಳಲಿಕ್ಕಿರಬೇಕು ಎಂದು ಒಮ್ಮೆ ಮುಖ ಸಣ್ಣದು ಮಾಡಿಕೊಂಡು ಹಿಂದೆ ಹೋದೆ. "ಈ ಮೂಲೆ ನೋಡಿ ಇಂಜಿನಿಯರ್ರೇ, ಎಂತ ಮಾಡಿದರೂ ಸೋರುವುದು ನಿಲ್ಲುವುದಿಲ್ಲ" ಎಂದರು. ಸಂಕಟ ನಿಜವೇ ಇತ್ತು.

ಕಾಲೇಜಿನಲ್ಲಿ ಕಲಿತದ್ದೆಲ್ಲ ಭಾರದ ಲೆಕ್ಕ. ಹೊಟ್ಟೆಪಾಡಿಗೆ ಮಾಡುವುದು ನೀರಿನ ಪಂಚಾತಿಕೆ. ಕೇರಳದ 44 ನದಿಗಳಲ್ಲಿ 12 ನಮ್ಮ ಕಾಸರಗೋಡಿಗೇ ಬಂದಿವೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆದರೆ ಅದರಲ್ಲಿ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದು ಮುಗಿಯುತ್ತದೆ. ಏಪ್ರಿಲಿನಲ್ಲಿ ಬಾವಿಗೆ ಕೊಡಪಾನ ಇಳಿಸಿದರೆ ಕಲ್ಲಿಗೆ ಬಡಿದ ಸದ್ದು. ಮನೆ ಕಟ್ಟುವವರ ಹಣೆಬರಹ ಈ ಎರಡರ ನಡುವೆ. ಕಾಂಕ್ರೀಟು ಹಾಕುವ ದಿನ ನೀರು ಬೇಡ, ಆಗ ಆಕಾಶವೇ ಹರಿದು ಬೀಳುತ್ತದೆ. ಮರುದಿನದಿಂದ ಅದು ಬಲಿಯಲು ನೀರು ಬೇಕು, ಆಗ ಪಂಪು ಗಾಳಿ ಉಗುಳುತ್ತದೆ.

ಹಳಬರಿಗೆ ಇದು ಗೊತ್ತಿತ್ತು. ಪತ್ತನಾಜೆ ಬಂತೆಂದರೆ, ಅಂದರೆ ಮಳೆಗಾಲದ ಹೊಸ್ತಿಲಾದ ಮೇ 24ರ ಆಸುಪಾಸಿಗೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿ ಮನೆ ಸೇರುತ್ತಾರೆ. ಭೂತಗಳೂ ಕೋಲ ನಿಲ್ಲಿಸುತ್ತವೆ. ಮಹಿಷಾಸುರನಿಗೂ ಗುಳಿಗನಿಗೂ ಅರ್ಥವಾದದ್ದು ಬದಿಯಡ್ಕದ ಕಡೆಯ ನಮ್ಮ ಮಾವನೊಬ್ಬರಿಗೆ ಅರ್ಥವಾಗಲಿಲ್ಲ. ಮುಹೂರ್ತ ಒಳ್ಳೆಯದುಂಟು ಎಂದು ಪತ್ತನಾಜೆ ಕಳೆದು ಮೂರನೆಯ ದಿನಕ್ಕೇ ತಾರಸಿಗೆ ದಿನ ಇಟ್ಟರು.

ಆ ದಿನದ ಸೈಟನ್ನು ನೀವು ನೋಡಬೇಕಿತ್ತು. ನನ್ನ ಡ್ರಾಯಿಂಗ್ ಇಂಗ್ಲಿಷಿನಲ್ಲಿ, ಪಂಚಾಯತಿನ ಪರವಾನಗಿ ಮಲಯಾಳದಲ್ಲಿ, ಮಾವನ ಗಡಿಬಿಡಿ ಹವ್ಯಕದಲ್ಲಿ, ಮೇಸ್ತ್ರಿಯ ಸಮಾಧಾನ ತುಳುವಿನಲ್ಲಿ, ಕೆಲಸ ಮಾತ್ರ ಬಂಗಾಳಿಯಲ್ಲಿ. 50 ಕಿಲೋ ಸಿಮೆಂಟಿನ ಮೂಟೆಗೆ ಹೆಚ್ಚೆಂದರೆ 25 ಲೀಟರ್ ನೀರು, ಹೊಯ್ಗೆ (ಮರಳು) ಒದ್ದೆಯಿದ್ದರೆ ಅದರಲ್ಲೂ ಕಡಿತ ಎಂದು ಬೆಳಗ್ಗೆಯೇ ಎಲ್ಲ ಭಾಷೆಗಳಲ್ಲೂ ಸಾರಿದ್ದೆ. ನೀರು ಜಾಸ್ತಿಯಾದಷ್ಟೂ ಕಾಂಕ್ರೀಟು ಸಲೀಸಾಗಿ ಹರಿಯುತ್ತದೆ, ಹರಿದಷ್ಟೂ ಹುಡುಗರಿಗೆ ಎಳೆಯುವ ಕಷ್ಟ ಕಡಿಮೆ, ಗಟ್ಟಿಯಾದ ಮೇಲೆ ಬಲವೂ ಅಷ್ಟೇ ಕಡಿಮೆ. ಹಾಗಾಗಿ ನಾನು ಅತ್ತ ತಿರುಗಿದರೆ ಇತ್ತ ಮಿಕ್ಸರಿಗೆ ಒಂದು ಬಕೆಟ್ ಬೀಳುತ್ತಿತ್ತು. ಹಗಲಿಡೀ ಮಿಕ್ಸರಿನ ಎದುರು ಕಣ್ಣು ಮಿಟುಕಿಸದೆ ಕಾವಲು ನಿಂತೆ. ಇದಕ್ಕೆ ಡಿಗ್ರಿ ಬೇಕಿತ್ತೇ ಎಂಬ ಪ್ರಶ್ನೆ ನನಗೂ ಬಂದಿದೆ.

ಮೂರು ಗಂಟೆಗೆ ಪಡುವಣ ಕಪ್ಪಾಯಿತು. ಟರ್ಪಾಲು ಬಿಚ್ಚಿ, ಬಿದಿರಿಗೆ ಕಟ್ಟಿ, ಹೊಸ ಕಾಂಕ್ರೀಟಿನ ಮೇಲೆ ಚಪ್ಪರದಂತೆ ಎತ್ತಿದೆವು. ಮಳೆ ಸುರಿಯಿತು. ಟರ್ಪಾಲು ತಡೆಯಿತು. ನಮ್ಮ ಲೆಕ್ಕದಲ್ಲಿ ಗಂಡಾಂತರ ಕಳೆದಿತ್ತು. ಆದರೆ ಟರ್ಪಾಲಿನ ನಡುವೆ ನೀರು ನಿಂತು ಹೊಟ್ಟೆ ಇಳಿಬಿದ್ದದ್ದು ಮಾವನ ಕಣ್ಣಿಗೆ ಬಿತ್ತು. "ಹರಿದು ಹೋದೀತು ಮಾರಾಯಾ!" ಎನ್ನುತ್ತ ಕೊಡೆಯ ತುದಿಯಿಂದ ಕೆಳಗಿನಿಂದ ಒಂದು ತಿವಿತ ಕೊಟ್ಟರು. ಹರಿದೇ ಹೋಯಿತು. ಅಷ್ಟು ಹೊತ್ತು ಜೋಪಾನವಾಗಿ ಕೂಡಿಟ್ಟ ಮಳೆಯೆಲ್ಲ ಒಂದೇ ಕಡೆ ಧಡಕ್ಕನೆ ಬಿದ್ದು, ಚಾವಡಿಯ ಮೇಲಿನ ಭಾಗದಲ್ಲಿ ಸಿಮೆಂಟೆಲ್ಲ ತೊಳೆದು ಜಲ್ಲಿ ಹಲ್ಲು ಕಿರಿಯಿತು. ಮಾವ ಒದ್ದೆ ಮುಖ ಒರೆಸಿಕೊಂಡು, "ಸಿಮೆಂಟಿಗೆ ನೀರು ಬೇಕು ಅಂತ ನೀನೇ ಹೇಳ್ತಿದ್ದೆಯಲ್ಲ" ಎಂದರು. ಅಷ್ಟು ಭಾಗ ಕೆರೆದು ತೆಗೆದು ಹೊಸದಾಗಿ ಹಾಕುವಾಗ ರಾತ್ರಿಯಾಗಿತ್ತು. ಮುಹೂರ್ತ ಎಲ್ಲಿಗೆ ಮುಟ್ಟಿತ್ತೋ ಜೋಯಿಸರನ್ನೇ ಕೇಳಬೇಕು.

ಬೇಸಗೆಯಲ್ಲಿ ಹಾಕಿದ ತಾರಸಿಯ ಕತೆ ಬೇರೆ. ಸುತ್ತಲೂ ಗಾರೆಯ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಬೇಕು. ಮಾಮೂಲಿ ಸಿಮೆಂಟಿಗೆ ಕಡಿಮೆಯೆಂದರೆ 7 ದಿನ, ಈಗ ಎಲ್ಲರೂ ತರುವ ಹಾರುಬೂದಿ ಬೆರೆತ ಸಿಮೆಂಟಿಗೆ 10. ಪೂರ್ತಿ ಬಲ ಬಂದಿದೆಯೋ ಎಂದು ನೋಡುವುದು 28ನೆಯ ದಿನ. ಪೆರ್ಲದ ಹತ್ತಿರದ ಒಂದು ಮನೆಯಲ್ಲಿ ಇದನ್ನೆಲ್ಲ ಯಜಮಾನರಿಗೆ ಹೇಳಿದ್ದೆ. ಅವರು ಮೊದಲು ಅಡಿಕೆ ತೋಟಕ್ಕೋ ತಾರಸಿಗೋ ಎಂದು ಪಂಪಿನೆದುರು ನಿಂತು ಸಂಕಟಪಟ್ಟರು. ಕೊನೆಗೆ ಹೇಗೋ ತಾರಸಿ ಗೆದ್ದಿತು. ಆದರೆ ಅವರ ಅಜ್ಜಿಗೆ ಯಾರೂ ಏನೂ ಹೇಳಿರಲಿಲ್ಲ.

ನಾಲ್ಕನೆಯ ದಿನ ಏಣಿ ಹತ್ತಿದರೆ ಮೇಲೆ ನೀರಿನ ಪಸೆಯಿಲ್ಲ. ಬದು ಎರಡು ಕಡೆ ಒಡೆದಿದೆ. ಒಣಗಿದ ತಾರಸಿಯ ಉದ್ದಗಲಕ್ಕೂ ಚಾಪೆ, ಚಾಪೆಯ ತುಂಬ ಹಲಸಿನ ಹಪ್ಪಳ. ನಡುವೆ ಕಾಗೆ ಓಡಿಸುವ ಕೋಲು ಹಿಡಿದು ಅಜ್ಜಿ.

"ಅಜ್ಜೀ, ಇದಕ್ಕಿನ್ನೂ ಬಲ ಬಂದಿಲ್ಲ! 28 ದಿನ ಬೇಕು!"

"ಹಪ್ಪಳಕ್ಕೆ ಎರಡೇ ದಿನ ಸಾಕು ಮಗಾ. ಆಮೇಲೆ ನೀನು ಎಷ್ಟು ಬೇಕಾದರೂ ನೀರು ಹಾಕು."

ನಾನು ರಾಸಾಯನಿಕ ಕ್ರಿಯೆ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿ, ಅರೆ ಒಣಗಿದ ಹಪ್ಪಳವೊಂದನ್ನು ಮಡಚಿ ನನ್ನ ಕೈಗಿಟ್ಟರು. ಅರೆ ಒಣಗಿದ ಹಪ್ಪಳದ ರುಚಿ ಗೊತ್ತಿದ್ದವರಿಗೆ ನಾನು ಯಾಕೆ ಮಾತು ನಿಲ್ಲಿಸಿದೆನೆಂದು ಗೊತ್ತಾಗುತ್ತದೆ. ಚಾಪೆ ತೆಗೆಸಲಿಕ್ಕೆ ಯಜಮಾನರೇ ಬರಬೇಕಾಯಿತು. ಅವರೂ ತಿನ್ನುತ್ತ ಬಂದರು.

ಇನ್ನೊಂದು ನೀರು ಮಣ್ಣಿನ ಒಳಗೆ ಇರುತ್ತದೆ. ಮುಳ್ಳೇರಿಯದ ದಾರಿಯಲ್ಲಿ ಒಂದು ಗುಡ್ಡದ ಮೈಯಲ್ಲಿ ಪಾಯ ತೋಡಿಸುತ್ತಿದ್ದೆ. ಒಳ್ಳೆಯ ಮುರಕಲ್ಲು (ಜಂಬಿಟ್ಟಿಗೆ) ನೆಲ, ಏನೂ ತಕರಾರಿಲ್ಲ. ಈಶಾನ್ಯ ಮೂಲೆಗೆ ಬಂದಾಗ ಜೆಸಿಬಿಯ ಕೈ ಒಮ್ಮೆಲೆ ಒಳಕ್ಕೆ ಕುಸಿಯಿತು. ಬಗ್ಗಿ ನೋಡಿದರೆ ಕತ್ತಲು, ತಂಪು ಗಾಳಿ, ಸಣ್ಣಗೆ ನೀರಿನ ಸದ್ದು. ಸುರಂಗ! ಹತ್ತು ನಿಮಿಷ ಕಳೆಯುವ ಮೊದಲು ಕೆಳಗಿನ ಮನೆಯವರು ಚೊಂಬಿನಲ್ಲಿ ಕೆಂಪು ನೀರು ಹಿಡಿದುಕೊಂಡು ಏದುಸಿರು ಬಿಡುತ್ತ ಬಂದರು. "ಕಾಪಿಗೆ ಇಟ್ಟ ನೀರು ಮಾರಾಯ್ರೆ ಇದು!"

ಗುಡ್ಡದ ಬದಿಯನ್ನು ಅಡ್ಡಕ್ಕೆ ಕೊರೆದು, ಮುರಕಲ್ಲಿನೊಳಗೆ ಒಸರುವ ನೀರನ್ನು ಪಂಪಿಲ್ಲದೆ, ಕರೆಂಟಿಲ್ಲದೆ ಅಂಗಳಕ್ಕೆ ಇಳಿಸಿಕೊಳ್ಳುವ ಈ ಏರ್ಪಾಡು ನಮ್ಮ ಸೀಮೆಯವರ ಕೈಚಳಕ. ಆಳೊಬ್ಬ ಹಿಡಿಯುವಷ್ಟೇ ಅಗಲ. ಒಳಗೆ ಉಸಿರಾಡುವ ಗಾಳಿ ಉಂಟೋ ಇಲ್ಲವೋ ತಿಳಿಯಲು ಮೋಂಬತ್ತಿ ಹೊತ್ತಿಸಿಟ್ಟು, ಹಾರೆ ಪಿಕಾಸಿಯಲ್ಲಿ ಅಗೆದದ್ದು. ನಕ್ಷೆ ಇಲ್ಲ, ಲೆವೆಲ್ ಯಂತ್ರ ಇಲ್ಲ, ಆದರೂ ಇಳಿಜಾರು ತಪ್ಪಿಲ್ಲ. ನಾನು ಯಂತ್ರ ಹಿಡಿದು ಇಳಿಜಾರು ಕೊಟ್ಟ ಬಚ್ಚಲುಗಳನ್ನು ಇದರ ಪಕ್ಕದಲ್ಲಿಟ್ಟು ಮಾತಾಡುವ ಧೈರ್ಯ ನನಗಿಲ್ಲ.

ಪೊಳ್ಳಿನ ಮೇಲೆ ಕಂಬ ನಿಲ್ಲಿಸುವಂತಿಲ್ಲ, ಮನೆಯನ್ನು ಹಿಂದೆ ಸರಿಸೋಣ ಎಂದೆ. ಮನೆಯವರು ಕೂಡಲೇ ವಾಸ್ತುವಿನವರಿಗೆ ಫೋನು ಹಚ್ಚಿದರು. ಅತ್ತ ಕಡೆಯಿಂದ ಬಂದ ಉತ್ತರ ಕೇಳಿ ಅವರ ಮುಖ ಅರಳಿತು. "ಈಶಾನ್ಯದಲ್ಲಿ ನೀರು ಸಿಕ್ಕಿದ್ದು ಯೋಗವಂತೆ! ಮನೆ ಅಲ್ಲೇ ಇರಬೇಕಂತೆ!" ಕಂಬದ ಬುಡಕ್ಕೆ ಯೋಗ ಸಾಲುವುದಿಲ್ಲ ಎಂದು ಒಪ್ಪಿಸುವಷ್ಟರಲ್ಲಿ ಒಂದು ವಾರ ಹೋಯಿತು. ಕೊನೆಗೆ ಮನೆ ಹಿಂದಕ್ಕೆ ಹೋಯಿತು, ಸುರಂಗದ ಒಡೆದ ಮಾಡು ದುರಸ್ತಿಯಾಯಿತು, ಕೆಳಗಿನ ಮನೆಯ ಕಾಪಿಯ ಬಣ್ಣ ಮೊದಲಿನ ಹಾಗಾಯಿತು.

ಗೃಹಪ್ರವೇಶದ ದಿನ ಯಜಮಾನರು ನೆಂಟರನ್ನೆಲ್ಲ ಆ ಮೂಲೆಗೆ ಕರೆದೊಯ್ದು, ಅಡಿಯಲ್ಲಿ ಹರಿಯುವ ನೀರಿನ ವಿಷಯ ವರ್ಣಿಸುತ್ತಿದ್ದರು. ವಾಸ್ತುವಿನವರು ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದರು. "ಎಲ್ಲ ಇವರು ನೋಡಿ ಹೇಳಿದ್ದು" ಎಂದರು ಯಜಮಾನರು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಹಿತ್ತಲು ಇನ್ನೂ ದೊಡ್ಡದು ಬರುತ್ತಿತ್ತು. ಹಿಂದಿನ ದರೆ ಕಡಿಸಿದ ಖರ್ಚು ಬೇರೆ. ಅದೆಲ್ಲ ನಮ್ಮ ಇಂಜಿನಿಯರರ ಹಟ."