ಉಷ್ಣವೆಂದು ಸ್ಟೀರಾಯ್ಡ್ ಹಚ್ಚಬೇಡಿ

ಕಲಬುರಗಿ ಬಿಸಿಲಿಗೆ ಕೆನ್ನೆ ಕೆಂಪಾದರೆ ಬರೀ ಉಷ್ಣ, ನಾಲ್ಕು ದಿನ ಬೆಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮುಲಾಮು ಹಚ್ಚಿರಿ ಅಂತ ಬರೆದಿದ್ದೀರಲ್ರಿ, ಇದು ಅಪಾಯದ ಸಲಹೆ. ಪದೇ ಪದೇ ಬರುವ ಕೆಂಪು ರೊಸೇಶಿಯಾ ಎಂಬ, ಮುಖ ಕೆಂಪಾಗಿಸುವ ದೀರ್ಘಕಾಲದ ಚರ್ಮರೋಗ ಇರಬಹುದು. ಅದರಲ್ಲಿ ಚರ್ಮದ ಹುಟ್ಟುರಕ್ಷಣೆಯೇ (ಹುಟ್ಟಿನಿಂದಲೇ ಇರುವ ರೋಗನಿರೋಧಕ ಶಕ್ತಿ) ಅತಿಯಾಗಿರುತ್ತದೆ: ಟಿಎಲ್‌ಆರ್-2 ಎಂಬ, ರೋಗಾಣು ಗುರುತಿಸುವ ಗ್ರಾಹಕ ಹೆಚ್ಚುತ್ತದೆ, ಕ್ಯಾಲಿಕ್ರೀನ್-5 ಕಿಣ್ವ ಕ್ಯಾಥೆಲಿಸಿಡಿನ್ ಪ್ರೋಟೀನನ್ನು ಎಲ್‌ಎಲ್-37 ಎಂಬ ತುಣುಕಾಗಿ ಕತ್ತರಿಸುತ್ತದೆ, ಉರಿಯೂತ ಎಬ್ಬಿಸುವುದು ಅದೇ. ಸ್ಟೀರಾಯ್ಡ್ ಮೊದಲು ಕೆಂಪು ಇಳಿಸುತ್ತದೆ, ನಿಜ. ಆದರೆ ಟಿಎಲ್‌ಆರ್-2 ಅನ್ನೇ ಹೆಚ್ಚಿಸುವುದರಿಂದ ಬಿಟ್ಟ ಮೇಲೆ ಕೆಂಪು ಇಮ್ಮಡಿಯಾಗಿ ಮರಳುತ್ತದೆ. ಶೇ. 15ರ ಅಜೆಲಾಯಿಕ್ ಆಮ್ಲದ ಜೆಲ್ ಆ ಕ್ಯಾಲಿಕ್ರೀನ್-5 ಕಿಣ್ವವನ್ನು ತಗ್ಗಿಸುತ್ತದೆ (ಶುರುವಿನಲ್ಲಿ ಚುರುಗುಟ್ಟುತ್ತದೆ, ಹೆದರಬೇಡಿ). ಸನ್‌ಸ್ಕ್ರೀನ್ ಜಿಂಕ್ ಆಕ್ಸೈಡಿನದಿರಲಿ: ಮುಖಕ್ಕೆ ಎರಡು ಬೆರಳುದ್ದ, ಎರಡು ತಾಸಿಗೊಮ್ಮೆ. ಇನ್ನೊಂದು, ನಮ್ಮ ಕಡೆಯ ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಉರಿ, ಬಿಸಿ ಇದೆಯಾ ಅಂತ ಕೇಳಬೇಕು.