ಎಲೆ ಹಳದಿಯಾದರೆ ಬದಲಿಸಲಾಗುವುದು

ನಮ್ಮ ಟೀಮಿಗೆ ಇನ್ನಿಬ್ಬರು ಬೇಕು ಅಂತ ಕೇಳಿ ಎಂಟು ತಿಂಗಳಾಗಿತ್ತು. ಹೋದ ಸೋಮವಾರ ಒಂದೇ ಸಲ ನಲವತ್ತು ಮಂದಿ ಬಂದರು. ಎಲ್ಲರೂ ಕುಂಡದಲ್ಲಿ ಕೂತು ಬಂದರು.

ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್, ಅರೆಕಾ ಪಾಮ್, ಹೆಸರು ಗೊತ್ತಿಲ್ಲದ ಅಗಲ ಎಲೆಯವು ಇನ್ನೊಂದಷ್ಟು. ನನ್ನ ಟೇಬಲ್ಲಿಗೆ ಬಂದದ್ದು ಝೀಝೀ ಪ್ಲಾಂಟ್. ಅದರ ಎಲೆ ಎಷ್ಟು ಹೊಳೆಯುತ್ತಿತ್ತೆಂದರೆ ಪ್ಲಾಸ್ಟಿಕ್ ಇರಬೇಕು ಅಂತ ಉಗುರಿನಿಂದ ಚಿವುಟಿ ನೋಡಿದೆ. ರಸ ಬಂತು. ಅಸಲಿ. ಕುಂಡದ ಮೇಲೆ ಬಾರ್‌ಕೋಡ್ ಇರುವ ಸ್ಟಿಕರ್ ಅಂಟಿಸಿದ್ದರು. ಅಂಥದ್ದೇ ಒಂದು ನನ್ನ ಕುರ್ಚಿಯ ಬೆನ್ನಿಗಿದೆ. ಇನ್ನೊಂದು ನನ್ನ ಕೊರಳಲ್ಲಿದೆ.

ಎಚ್‌ಆರ್ ಮೇಡಂ ಮೀಟಿಂಗ್ ಕರೆದು ವಿಜ್ಞಾನ ಹೇಳಿದರು. "ಗಿಡ ಗಾಳಿಯನ್ನು ಶುದ್ಧ ಮಾಡುತ್ತೆ ಅಂತ ನಾಸಾದವರೇ ಹೇಳಿದ್ದಾರೆ." ನಾಸಾ ಅಂದ ಮೇಲೆ ಯಾರು ಬಾಯಿ ಬಿಡುತ್ತಾರೆ? ಹೇಳಿದ್ದು ನಿಜವೇ. 1989ರಲ್ಲಿ. ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯೊಳಗೆ ಗಿಡ ಇಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ವಿಷಾನಿಲ ಬಿಟ್ಟು ನೋಡಿದ್ದರು. ನಮ್ಮ ಆಫೀಸೂ ಮುಚ್ಚಿದ ಪೆಟ್ಟಿಗೆಯೇ ಅಲ್ವಾ ಅನ್ನಬಹುದು ನೀವು. ನನಗೂ ಹಾಗೇ ಅನ್ನಿಸಿತ್ತು. ಆದರೆ 2019ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ಲೆಕ್ಕ ಮಾಡಿದರು. ಹೊರಗಿನ ಗಾಳಿ ಒಳಗೆ ಬಂದುಹೋಗಿ ಸುಮ್ನೆ ಮಾಡುವ ಕೆಲಸವನ್ನು ಗಿಡಗಳ ಕೈಲಿ ಮಾಡಿಸಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕಂತೆ. ನಮ್ಮ ಮಹಡಿ 400 ಚದರ ಮೀಟರ್ ಇದೆ. ತೀರಾ ಕಡಿಮೆ ಹಿಡಿದರೂ 4,000 ಕುಂಡ. ಗಾಳಿಯೇನೋ ಚೆನ್ನಾಗಿರುತ್ತದೆ, ಉಸಿರಾಡುವವರು ಮೆಟ್ಟಿಲ ಮೇಲೆ ನಿಲ್ಲಬೇಕಾಗುತ್ತದೆ. ಕಿಟಕಿ ತೆಗೆದರೆ ಸಾಕಿತ್ತು. ಆದರೆ ನಮ್ಮದು ತೆಗೆಯುವ ಕಿಟಕಿ ಅಲ್ಲ, ಗೋಡೆಗೆ ಕೂರಿಸಿದ ಗಾಜು.

ಮುಂದಿನ ಸ್ಲೈಡಿನಲ್ಲಿ ದಪ್ಪಕ್ಷರದಲ್ಲಿ 'ಶೇ 15' ಅಂತಿತ್ತು. ಬ್ರಿಟನ್ ಮತ್ತು ನೆದರ್‌ಲ್ಯಾಂಡ್ಸ್‌ನ ಆಫೀಸುಗಳಲ್ಲಿ ನಡೆಸಿ 2014ರಲ್ಲಿ ಪ್ರಕಟವಾದ ಅಧ್ಯಯನ. ಬೋಳು ಬೋಳಾದ ಆಫೀಸಿಗೆ ಗಿಡ ತಂದಿಟ್ಟರೆ ಕೆಲಸ ಅಷ್ಟು ಹೆಚ್ಚಾಗಬಹುದು ಅನ್ನುತ್ತದೆ. ಮೇಡಂ ಇನ್ನೂ ಸ್ಲೈಡ್ ಬದಲಿಸಿರಲಿಲ್ಲ, ನಮ್ಮ ಮ್ಯಾನೇಜರ್ ಪೆನ್ನು ತೆಗೆದಾಗಿತ್ತು. ಅವತ್ತೇ ಸಂಜೆ ಹೊಸ ಟಾರ್ಗೆಟ್ ಬಂತು. ಹಳೆಯದಕ್ಕಿಂತ ಶೇ 15 ಜಾಸ್ತಿ, ಒಂದು ಚೂರೂ ಹೆಚ್ಚಿಲ್ಲ, ಕಡಿಮೆಯಿಲ್ಲ. "ಸರ್, ಆ ಇಬ್ಬರು?" ಅಂತ ಕೇಳಿದೆ. "ಇನ್ನು ಯಾಕ್ರೀ ಇಬ್ಬರು?" ಅಂತ ಕುಂಡ ತೋರಿಸಿದರು.

ಗಿಡ ನೋಡಿಕೊಳ್ಳಲು ಕಾಂಟ್ರಾಕ್ಟಿನ ಕಡೆಯಿಂದ ಒಬ್ಬ ಹಿರಿಯರು ವಾರಕ್ಕೆರಡು ಸಲ ಬರುತ್ತಾರೆ. ಒಂದೊಂದೇ ಎಲೆಯನ್ನು ಅಂಗೈ ಮೇಲಿಟ್ಟುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ತೋರುಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ಪಸೆ ನೋಡುತ್ತಾರೆ. "ಸರ್, ಇದಕ್ಕೆ ದಿನಾ ನೀರು ಹಾಕಬೇಡಿ. ಗಡ್ಡೇಲಿ ನೀರು ಇಟ್ಕೊಂಡಿರುತ್ತೆ. ಜಾಸ್ತಿ ಆದ್ರೆ ಕೊಳೆತುಹೋಗುತ್ತೆ. ಸುಮ್ನೆ ಅದರ ಪಾಡಿಗೆ ಬಿಟ್ಬಿಡಿ, ಚೆನ್ನಾಗಿರುತ್ತೆ." ಹದಿನಾಲ್ಕು ವರ್ಷದ ನೌಕರಿಯಲ್ಲಿ ನನ್ನ ಬಗ್ಗೆ ಯಾರೂ ಇಂಥ ಮಾತು ಆಡಿಲ್ಲ.

ಅವರ ಕೈಯಲ್ಲಿ ಷರತ್ತುಗಳ ಕಾಗದವಿತ್ತು. ಕೇಳಿ ಇಸಕೊಂಡು ಓದಿದೆ. ಒಳಗೆ ಬೆಳಕು ಸಾಲದೆ ಗಿಡ ಸೊರಗುವುದರಿಂದ ಸರದಿಯ ಮೇಲೆ ಎರಡೆರಡು ವಾರ ನರ್ಸರಿಗೆ ಕಳಿಸಬೇಕು. ಎಸಿಯ ಗಾಳಿ ನೇರ ಬಡಿಯುವಲ್ಲಿ ಇಡಬಾರದು. (ನಾನು ಆರು ವರ್ಷದಿಂದ ಅಲ್ಲೇ ಕೂತಿದ್ದೇನೆ. ರಜೆಯ ಅರ್ಜಿ ಪರಿಶೀಲನೆಯಲ್ಲಿದೆ.) ಕೊನೆಯ ಸಾಲು: ಎಲೆ ಹಳದಿಯಾದರೆ 48 ಗಂಟೆಯೊಳಗೆ ಬದಲಿಸಲಾಗುವುದು. ಇದೊಂದು ಷರತ್ತು ಮಾತ್ರ ಗಿಡಕ್ಕೂ ನಮಗೂ ಒಂದೇ.

ಒತ್ತಡ ಅನ್ನಿಸಿದಾಗ ಐದು ನಿಮಿಷ ಹಸಿರು ನೋಡಿ ಅಂತ ಮೇಲ್ ಬಂದಿದೆ. ನೋಡುತ್ತೇನೆ. ಮೂರನೇ ನಿಮಿಷಕ್ಕೆ ಲ್ಯಾಪ್‌ಟಾಪ್ ನನ್ನನ್ನು 'ಸೀಟಿನಲ್ಲಿಲ್ಲ' ಅಂತ ಬರೆದುಕೊಳ್ಳುತ್ತದೆ.

ಗಿಡದ ಮೇಲೆ ನನಗೇನೂ ಸಿಟ್ಟಿಲ್ಲ. ಪಾಪ, ಅದಾದರೂ ಎಲ್ಲಿ ಕೇಳಿಕೊಂಡು ಬಂದಿತ್ತು? ಎದುರಿಗಿದ್ದರೆ ಕಣ್ಣಿಗೂ ಹಿತ. ಆದರೆ ಮೇಡಂ ಸ್ಲೈಡಿಗೆ ಬಾರದ ಒಂದು ಸಂಗತಿಯಿದೆ. ಆ ಶೇ 15ರ ಅಧ್ಯಯನದಲ್ಲಿದ್ದ ಕ್ರೇಗ್ ನೈಟ್ ಮತ್ತು ಅಲೆಕ್ಸ್ ಹ್ಯಾಸ್ಲಂ 2010ರಲ್ಲೇ ಇನ್ನೊಂದನ್ನು ಪ್ರಕಟಿಸಿದ್ದರು. ಗಿಡ, ಚಿತ್ರಗಳನ್ನು ಎಲ್ಲಿಡಬೇಕು ಅಂತ ಕೆಲಸ ಮಾಡುವವರೇ ತೀರ್ಮಾನಿಸಿದಾಗ ಕೆಲಸ ಇನ್ನೂ ಚೆನ್ನಾಗಿ ಸಾಗಿತ್ತು. ಅವರು ಜೋಡಿಸಿಟ್ಟದ್ದನ್ನು ಬೇರೆಯವರು ಬಂದು ಬದಲಿಸಿದ ಕೂಡಲೇ ಆ ಲಾಭ ಹೊರಟುಹೋಗಿತ್ತು.

ಇದನ್ನು ಓದಿ ನನಗೆ ಹುರುಪು ಬಂತು. ಎದ್ದು ನನ್ನ ಗಿಡವನ್ನು ಒಂದಡಿ ಆಚೆ, ಗಾಜಿನ ಕಡೆಗೆ ಸರಿಸಿದೆ. ಇಪ್ಪತ್ತು ನಿಮಿಷಕ್ಕೆ ಅಡ್ಮಿನ್‌ನಿಂದ ಮೇಲ್. 'ಪೂರ್ವಾನುಮತಿಯಿಲ್ಲದೆ ಹಸಿರು ಆಸ್ತಿಯ ಸ್ಥಳ ಬದಲಾವಣೆ.'

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಗಿಡ ಹಳೆಯ ಜಾಗದಲ್ಲೇ ಇತ್ತು. ಅಲುಗಾಡದಿರಲಿ ಅಂತ ಕುಂಡದ ಸುತ್ತ ಹಳದಿ ಟೇಪಿನಲ್ಲಿ ಚೌಕ ಹಾಕಿದ್ದರು. ಟೇಪು ಮಿಕ್ಕಿತ್ತು ಅಂತ ಕಾಣುತ್ತೆ. ನನ್ನ ಕುರ್ಚಿಯ ಸುತ್ತಲೂ ಒಂದು ಹಾಕಿದ್ದರು.