ಒಂದು ಸೀಸೆ, ಇಬ್ಬರು ರೋಗಿಗಳು

ಎಷ್ಟು ಡೋಸ್ ಕೊಟ್ಟರೆ ಸಾಕು ಎಂಬ ಪ್ರಶ್ನೆಯನ್ನು ಔಷಧ ಕಂಪನಿಗಳು ತಾವಾಗಿ ಕೇಳುವುದಿಲ್ಲ. ಅವುಗಳಿಂದ ಅದನ್ನು ನಿರೀಕ್ಷಿಸುವುದೂ ಸರಿಯಲ್ಲ. ತನ್ನ ಸರಕನ್ನು ಕಡಿಮೆ ಕೊಂಡರೂ ನಡೆಯುತ್ತದೆ ಎಂದು ತೋರಿಸಲು ಯಾವ ವ್ಯಾಪಾರಿ ತಾನೇ ದುಡ್ಡು ಹಾಕುತ್ತಾನೆ? ಅದು ವಿಶ್ವವಿದ್ಯಾಲಯಗಳು ಕೇಳಬೇಕಾದ ಪ್ರಶ್ನೆ. ರೋಗನಿರೋಧಕ ವ್ಯವಸ್ಥೆಯನ್ನು ಹದಕ್ಕೆ ತರುವ ಚಿಕಿತ್ಸೆಗಳ ಬಗ್ಗೆ ಧಾರವಾಡದಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ದಿನವಿಡೀ ಕುಳಿತಿದ್ದೆ. ವೇದಿಕೆಯಿಂದ ಆ ಪ್ರಶ್ನೆ ಒಮ್ಮೆಯೂ ಬರಲಿಲ್ಲ. ಯಾವ ಸಂಸ್ಥೆ ಎಂದು ಬರೆಯುವುದಿಲ್ಲ. ಬರೆದರೆ ಜಗಳ ಸಂಸ್ಥೆಯ ಸುತ್ತಲೇ ಸುತ್ತುತ್ತದೆ, ವಿಷಯ ಮೂಲೆಗೆ ಬೀಳುತ್ತದೆ.

ನಾನು ವಿಜ್ಞಾನಿಯಲ್ಲ, ಬಿ.ಫಾರ್ಮ ಓದಿ ಹುಬ್ಬಳ್ಳಿಯಲ್ಲಿ ಔಷಧ ಅಂಗಡಿ ಇಟ್ಟುಕೊಂಡವನು. ಶುಲ್ಕ ಕಟ್ಟಿ ಇಂಥ ಕಾರ್ಯಕ್ರಮಗಳಿಗೆ ಹೋಗುವುದು ಹಳೆಯ ಚಟ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಚಿಗರಿ ಬಸ್ ಹತ್ತಿದೆ. ಉದ್ಘಾಟನೆ ಎಂದಿನಂತೆಯೇ ನಡೆಯಿತು: ನಾಡಗೀತೆ, ದೀಪ, ಶಾಲು, ಹಾವೇರಿಯ ಏಲಕ್ಕಿ ಹಾರ. ಅತಿಥಿಗಳೆಲ್ಲ ಹಾರ ತೆಗೆದು ಮೇಜಿನ ಮೇಲಿಡುವಷ್ಟರಲ್ಲಿ ಹನ್ನೊಂದೂವರೆ. ಮುಂದಿನ ಸಾಲಿನವರಿಗೆ ಅಲ್ಲಿಯವರೆಗೆ ಏಲಕ್ಕಿಯ ಘಮವೇ ಲಾಭ.

ಉಪನ್ಯಾಸಗಳು ಚೆನ್ನಾಗಿದ್ದವು. ಹಾಗೆ ಹೇಳದಿದ್ದರೆ ಅನ್ಯಾಯವಾದೀತು. ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರಾದ ಟಿ ಕೋಶಗಳ ಮೇಲೆ ಪಿಡಿ-1 ಎಂಬ ಪ್ರೋಟೀನ್ ಬ್ರೇಕ್‌ನಂತೆ ಕೆಲಸ ಮಾಡುತ್ತದೆ, ಕ್ಯಾನ್ಸರ್ ಕೋಶಗಳು ಅದನ್ನು ಒತ್ತಿ ಹಿಡಿದು ಬಚಾವಾಗುತ್ತವೆ, ನಿವೊಲುಮ್ಯಾಬ್‌ನಂಥ ಪ್ರತಿಕಾಯ ಔಷಧಗಳು ಆ ಒತ್ತಡವನ್ನು ಬಿಡಿಸುತ್ತವೆ. ಇಂಥ ಬ್ರೇಕುಗಳನ್ನು ಬಿಡಿಸಿ ಕ್ಯಾನ್ಸರ್‌ಗೆ ಚಿಕಿತ್ಸೆ ನೀಡಬಹುದು ಎಂದು ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ಎರಗದಂತೆ ತಡೆಯುವ ಕೋಶಗಳ ಸಂಶೋಧನೆಗೆ 2025ರ ನೊಬೆಲ್ ಸಂದಿತು. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ಸೇರಿ ರೂಪಿಸಿದ, ರೋಗಿಯದೇ ಟಿ ಕೋಶಗಳನ್ನು ಹೊರತೆಗೆದು ಕ್ಯಾನ್ಸರ್ ವಿರುದ್ಧ ಸಜ್ಜುಗೊಳಿಸಿ ಮರಳಿಸುವ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ದೊರೆತ ಮಾತು ಬಂದಾಗ ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಅದೇ ಟಾಟಾ ಆಸ್ಪತ್ರೆಯ ಇನ್ನೊಂದು ಕೆಲಸವನ್ನು ಮಾತ್ರ ಯಾರೂ ಎತ್ತಲಿಲ್ಲ. ನಮ್ಮ ಭಾಗದ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯವಾದದ್ದು ಎಂಬುದು ನನ್ನ ಅಭಿಪ್ರಾಯ. ತಲೆ ಮತ್ತು ಕುತ್ತಿಗೆಯ (ಬಾಯಿ, ಗಂಟಲು ಸೇರಿ) ಕ್ಯಾನ್ಸರ್ ವಾಸಿಯಾಗುವ ಹಂತ ದಾಟಿದ 151 ರೋಗಿಗಳನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಎಂಬ, ಬಾಯಿಯಿಂದ ನುಂಗುವ ಮೂರು ಔಷಧಗಳು. ಒಂದು ಗುಂಪಿಗೆ ಅವುಗಳ ಜೊತೆಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್. ರೂಢಿಯ ಡೋಸ್ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ವಾರದ ಲೆಕ್ಕ ತೆಗೆದರೆ ಹದಿನೆಂಟರಲ್ಲಿ ಒಂದು ಪಾಲು! ಒಂದು ವರ್ಷ ಕಳೆದಾಗ ಬದುಕಿದ್ದವರು ನುಂಗುವ ಔಷಧ ಮಾತ್ರ ಪಡೆದವರಲ್ಲಿ ಶೇ. 16.3, ನಿವೊಲುಮ್ಯಾಬ್ ಸಹ ಪಡೆದವರಲ್ಲಿ ಶೇ. 43.4. (ಈ ಮೆಥೊಟ್ರೆಕ್ಸೇಟ್ ಸಂಧಿವಾತಕ್ಕೂ ಕೊಡುವ ಅಗ್ಗದ ಮಾತ್ರೆ. ವಾರಕ್ಕೊಮ್ಮೆ ನುಂಗಬೇಕಾದದ್ದನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಕವರಿನ ಮೇಲೆ ಕೆಂಪು ಶಾಯಿಯಲ್ಲಿ ‘ಸೋಮವಾರ ಮಾತ್ರ’ ಎಂದು ಬರೆಯದೆ ನಾನು ಕೊಡುವುದಿಲ್ಲ.)

ಈ ಪ್ರಯೋಗ ಅಲ್ಪ ಡೋಸನ್ನು ಪೂರ್ಣ ಡೋಸ್‌ನೊಂದಿಗೆ ಹೋಲಿಸಲಿಲ್ಲವಲ್ಲ ಎಂದು ತಿಳಿದವರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಪೂರ್ಣ ಡೋಸ್ ಕೊಳ್ಳುವ ಶಕ್ತಿಯೇ ಇಲ್ಲದವನ ಎದುರಿಗಿರುವ ಆಯ್ಕೆ ಯಾವುದು? ಇಪ್ಪತ್ತು ಮಿಲಿಗ್ರಾಂ, ಇಲ್ಲವೇ ಸೊನ್ನೆ.

ಆ ರೋಗಿ ಯಾರೆಂದು ನಮ್ಮ ಊರಿನವರಿಗೆ ಹೇಳಿ ತಿಳಿಸಬೇಕಾಗಿಲ್ಲ. ಗುಟ್ಕಾ 2013ರಲ್ಲೇ ರಾಜ್ಯದಲ್ಲಿ ನಿಷೇಧವಾಯಿತು. ಈಗ ಪಾನ್ ಮಸಾಲಾ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ. ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರೆ ಮುಗಿಯಿತು. ಬಾಯಿಹುಣ್ಣಿಗೆ ಮುಲಾಮು ಕೇಳಿಕೊಂಡು ಬರುವ ಹುಡುಗರಿಗೆ ‘ಬಾಯಿ ತೆರೆ ನೋಡೋಣ’ ಎನ್ನುತ್ತೇನೆ. ಕೆಲವರಿಗೆ ಎರಡು ಬೆರಳು ಹೋಗುವಷ್ಟೂ ತೆರೆಯಲಾಗುವುದಿಲ್ಲ. ಒಳಗೆ ಕೆನ್ನೆ ಬಿಳಿಚಿಕೊಂಡು ಪಟ್ಟಿಯಂತೆ ಬಿಗಿದಿರುತ್ತದೆ. ಮುಲಾಮು ಕೊಡದೆ ದಂತ ವೈದ್ಯರ ಬಳಿಗೆ ಅಟ್ಟುತ್ತೇನೆ. ಬೈದುಕೊಂಡೇ ಹೋಗುತ್ತಾರೆ.

ಪ್ರಶ್ನೋತ್ತರದ ವೇಳೆ ಎದ್ದು ನಿಂತು ಈ ಅಲ್ಪ ಡೋಸಿನ ಬಗ್ಗೆಯೇ ಕೇಳಿದೆ. ಅಧ್ಯಕ್ಷತೆ ವಹಿಸಿದ್ದವರು ನಗುತ್ತಲೇ, “ಬೆಲೆಯ ವಿಚಾರ ಸರ್ಕಾರಕ್ಕೆ ಬಿಟ್ಟದ್ದು ಸರ್, ನಾವು ವಿಜ್ಞಾನಕ್ಕೆ ಸೀಮಿತವಾಗಿರೋಣ” ಎಂದರು. ನಾನು ಕೇಳಿದ್ದು ಬೆಲೆಯನ್ನಲ್ಲ, ಡೋಸನ್ನು. ಅಲ್ಪ ಪ್ರಮಾಣದ ಔಷಧವೇ ಟಿ ಕೋಶಗಳ ಮೇಲಿನ ಪಿಡಿ-1 ತಾಣಗಳಲ್ಲಿ ಬಹುಪಾಲನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಸುರಿದ ಔಷಧದಿಂದ ಎಷ್ಟು ಉಪಯೋಗ ಎಂಬುದು ಅಪ್ಪಟ ವಿಜ್ಞಾನದ ಪ್ರಶ್ನೆ. ಅಷ್ಟರಲ್ಲಿ ಊಟಕ್ಕೆ ಕರೆ ಬಂತು.

ಊಟದ ಸಾಲಿನ ಪಕ್ಕದ ಮೊಗಸಾಲೆಯಲ್ಲಿ ವಿದ್ಯಾರ್ಥಿಗಳ ಪೋಸ್ಟರ್‌ಗಳಿದ್ದವು. ಸಂಧಿವಾತಕ್ಕೆ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಚುಚ್ಚುಮದ್ದು ಕೊಡುವ ಮುನ್ನ ದೇಹದಲ್ಲಿ ಅಡಗಿರುವ ಕ್ಷಯವನ್ನು ಏಕೆ ಪರೀಕ್ಷಿಸಲೇಬೇಕು ಎಂದು ಒಬ್ಬ ಹುಡುಗಿ ಬಿಡಿಸಿ ಹೇಳುತ್ತಿದ್ದಳು. ಇಡೀ ದಿನದಲ್ಲಿ ನಮ್ಮ ದೇಶದ ರೋಗಿಯನ್ನು ಕಣ್ಣೆದುರು ಇಟ್ಟುಕೊಂಡು ಮಾತಾಡಿದವಳು ಅವಳೊಬ್ಬಳೇ. ಅವಳಿಗೆ ಸಿಕ್ಕದ್ದು ತಟ್ಟೆ ಹಿಡಿದು ನಿಂತ ಶ್ರೋತೃಗಳು.

ಸಂಘಟಕರಿಗೆ ಒಂದು ಪತ್ರ ಬರೆದಿದ್ದೇನೆ. ನಿವೊಲುಮ್ಯಾಬ್‌ನ ಚಿಕ್ಕ ಸೀಸೆಯಲ್ಲಿರುವುದು 40 ಮಿಲಿಗ್ರಾಂ. ಅಲ್ಪ ಡೋಸ್ ಎಂದರೆ ಅರ್ಧ ಸೀಸೆ. ಅದರಲ್ಲಿ ಸಂರಕ್ಷಕ ದ್ರವ್ಯವಿಲ್ಲದ ಕಾರಣ, ತೆರೆದ ಮೇಲೆ ನಾಳೆ ನಾಡಿದ್ದಿಗೆಂದು ಇಟ್ಟುಕೊಳ್ಳುವಂತಿಲ್ಲ. ಗದಗಿನಿಂದ ಬರುವ ರೋಗಿ, ರಾಣೆಬೆನ್ನೂರಿನಿಂದ ಬರುವ ರೋಗಿ ಇಬ್ಬರೂ ಹುಬ್ಬಳ್ಳಿಗೆ ಒಂದೇ ದಿನ ಬಂದರೆ ಒಂದು ಸೀಸೆ ಇಬ್ಬರಿಗಾಗುತ್ತದೆ. ಬೇರೆ ಬೇರೆ ದಿನ ಬಂದರೆ ಪ್ರತಿಯೊಬ್ಬರ ಅರ್ಧ ಸೀಸೆಯೂ ಕಸಕ್ಕೆ. ಕ್ರಿಮಿರಹಿತ ಕೋಣೆಯಲ್ಲಿ ಹಂಚುವ ಕ್ರಮ, ದಿನ ಹೊಂದಿಸುವ ವ್ಯವಸ್ಥೆ, ಆಮೇಲೆ ರೋಗಿಗಳ ಸ್ಥಿತಿ ಏನಾಯಿತೆಂಬ ದಾಖಲೆ, ಇವುಗಳ ಮೇಲೆ ಒಂದು ಗೋಷ್ಠಿ ಇಡಿ ಎಂದು ಕೇಳಿದ್ದೇನೆ. ಇದಕ್ಕೆ ನೊಬೆಲ್ ಬರುವುದಿಲ್ಲ, ಪಿಎಚ್‌.ಡಿ. ಬಂದೀತು.

ಮನೆಯಲ್ಲಿ ರೋಗಿಗಳಿರುವವರಿಗೆ ಒಂದು ಮಾತು. ಮೇಲಿನ ಅಂಕಿಗಳು ತಲೆ-ಕುತ್ತಿಗೆಯ ಕ್ಯಾನ್ಸರ್‌ಗೆ, ಅದೂ ವಾಸಿಯಾಗದ ಹಂತಕ್ಕೆ, ಆ ಮೂರು ಔಷಧಗಳ ಜೊತೆಗೆ ಕೊಟ್ಟಾಗ ಬಂದಂಥವು. ಬೇರೆ ಕ್ಯಾನ್ಸರ್‌ಗೆ ಇದೇ ಲೆಕ್ಕ ಹಾಕಬೇಡಿ. ದುಬಾರಿ ಎಂದು ಇಂಥ ಇಮ್ಯುನೊಥೆರಪಿಯನ್ನೇ (ರೋಗನಿರೋಧಕ ವ್ಯವಸ್ಥೆಯ ಮೂಲಕ ಕೊಡುವ ಚಿಕಿತ್ಸೆಯನ್ನೇ) ಕೈಬಿಡುವ ಮಾತು ಬಂದಾಗ ಮಾತ್ರ, ಅಲ್ಪ ಡೋಸ್ ನಮ್ಮವರಿಗೆ ಹೊಂದುತ್ತದೆಯೇ ಎಂದು ಕ್ಯಾನ್ಸರ್ ತಜ್ಞರನ್ನು ಒಮ್ಮೆ ಕೇಳಿ.